ಶಾನ್ಶಿಯ ಜಿನ್ ನುಡಿ: ಮ್ಯಾಂಡರಿನ್‌ನ ಕವಲೇ, ಬೇರೆಯದೇ ಶಾಖೆಯೇ?

ಪ್ರಶ್ನೆ: ಚೀನೀ ಭಾಷೆಗಳ ಕೆಲವು ಪಟ್ಟಿಗಳಲ್ಲಿ ಶಾನ್ಶಿ ಪ್ರಾಂತ್ಯದ ‘ಜಿನ್’ ನುಡಿ ಮ್ಯಾಂಡರಿನ್, ಕ್ಯಾಂಟೊನೀಸ್‌ಗಳ ಸರಿಸಮಕ್ಕೆ ಪ್ರತ್ಯೇಕವಾಗಿ ನಿಂತಿದೆ. ಇನ್ನು ಕೆಲವು ಪುಸ್ತಕಗಳಲ್ಲಿ ಅದೇ ನುಡಿಯನ್ನು ಮ್ಯಾಂಡರಿನ್‌ನ ಒಂದು ಉಪಭಾಷೆ ಎಂದು ಕರೆದಿದ್ದಾರೆ. ಇವುಗಳಲ್ಲಿ ಯಾವುದು ಸರಿ? ಇದನ್ನು ತೀರ್ಮಾನಿಸುವವರು ಯಾರು, ಯಾವ ಆಧಾರದ ಮೇಲೆ?

ಉತ್ತರ: ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಜಿನ್ ನುಡಿಗಳಿಗೆ ಎದ್ದು ಕಾಣುವ ಸ್ವಂತ ಲಕ್ಷಣಗಳಿವೆ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಆದರೆ ಅವುಗಳನ್ನು ಮ್ಯಾಂಡರಿನ್‌ನಿಂದ ಹೊರತೆಗೆದು, ಕ್ಯಾಂಟೊನೀಸ್ ಅಥವಾ ಮಿನ್ ನುಡಿಗಳಿಗೆ ಸಮನಾದ ಮೇಲ್ಮಟ್ಟದ ಶಾಖೆಯನ್ನಾಗಿ ನಿಲ್ಲಿಸಲು ಈವರೆಗೆ ಕೊಟ್ಟಿರುವ ಆಧಾರಗಳು ಸಾಲುವುದಿಲ್ಲ ಎಂಬುದು ನನ್ನ ನಿಲುವು. ಇದಕ್ಕೆ ಒಪ್ಪದ ಹಿರಿಯ ವಿದ್ವಾಂಸರಿದ್ದಾರೆ, ಮತ್ತು ಚೀನಾದ ಅಧಿಕೃತ ಭಾಷಾ ಭೂಪಟ ಅವರ ಪಕ್ಷದಲ್ಲಿಯೇ ಇದೆ. ಆದ್ದರಿಂದ ವಾದ ಹುಟ್ಟಿದ್ದು ಎಲ್ಲಿ, ಅದರ ತಿರುಳೇನು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ.

ಮೊದಲು ಒಂದು ಗೊಂದಲವನ್ನು ನಿವಾರಿಸಿಕೊಳ್ಳೋಣ. ಈ ಚರ್ಚೆಯಲ್ಲಿ ‘ಮ್ಯಾಂಡರಿನ್’ ಎಂದರೆ ಬೀಜಿಂಗ್‌ನ ಶಾಲೆಗಳಲ್ಲಿ ಕಲಿಸುವ, ಸುದ್ದಿವಾಹಿನಿಗಳಲ್ಲಿ ಕೇಳುವ ಪ್ರಮಾಣಭಾಷೆಯಲ್ಲ. ಆ ಪ್ರಮಾಣಭಾಷೆಗೆ ಪುಟೊಂಗ್‌ಹುವಾ ಎಂದು ಹೆಸರು. ಭಾಷಾವಿಜ್ಞಾನಿಗಳು ಮ್ಯಾಂಡರಿನ್ ಎನ್ನುವುದು ಈಶಾನ್ಯದ ಹಾರ್ಬಿನ್‌ನಿಂದ ನೈಋತ್ಯದ ಕುನ್ಮಿಂಗ್‌ವರೆಗೆ, ವಾಯುವ್ಯದ ಲಾಂಝೌನಿಂದ ಪೂರ್ವದ ನಾಂಜಿಂಗ್‌ವರೆಗೆ ಹರಡಿರುವ ನುಡಿಗಳ ದೊಡ್ಡ ಗುಂಪಿಗೆ. ಬೀಜಿಂಗ್ ನುಡಿ ಆ ಗುಂಪಿನ ಒಂದು ಸದಸ್ಯ ಮಾತ್ರ. ಹಾಗಾಗಿ ಜಿನ್ ನುಡಿ ಬೀಜಿಂಗ್ ನುಡಿಗಿಂತ ಎಷ್ಟು ಬೇರೆ ಎಂದು ಅಳೆದ ಮಾತ್ರಕ್ಕೆ ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಚೆಂಗ್ಡುವಿನ ನುಡಿಯೂ ನಾಂಜಿಂಗ್‌ನ ನುಡಿಯೂ ಬೀಜಿಂಗ್‌ನದಕ್ಕಿಂತ ಸಾಕಷ್ಟು ಬೇರೆಯೇ ಆಗಿವೆ, ಆದರೂ ಅವು ಮ್ಯಾಂಡರಿನ್ ಎಂಬುದರಲ್ಲಿ ತಕರಾರಿಲ್ಲ. ಈ ಇಡೀ ಗುಂಪನ್ನು ಮುಂದಿಟ್ಟುಕೊಂಡು ಜಿನ್ ಅದರ ಒಳಗಿದೆಯೋ ಹೊರಗಿದೆಯೋ ಎಂದು ಕೇಳಬೇಕಾಗುತ್ತದೆ.

ಜಿನ್ ನುಡಿಗಳ ನೆಲೆ ಹಳದಿ ಮಣ್ಣಿನ ಪ್ರಸ್ಥಭೂಮಿಯ ಪೂರ್ವ ಭಾಗ. ಪೂರ್ವಕ್ಕೆ ತೈಹಾಂಗ್ ಪರ್ವತಶ್ರೇಣಿ, ಪಶ್ಚಿಮಕ್ಕೆ ಲ್ಯುಲಿಯಾಂಗ್ ಬೆಟ್ಟಗಳು ಮತ್ತು ಅದರಾಚೆ ಹಳದಿ ನದಿ, ನಡುವೆ ಫೆನ್ ನದಿಯ ಕಣಿವೆ, ಇದು ಶಾನ್ಶಿ ಪ್ರಾಂತ್ಯ. ಪ್ರಾಂತ್ಯದ ನೈಋತ್ಯ ಮೂಲೆಯಲ್ಲಿರುವ ಲಿನ್ಫೆನ್, ಯುನ್‌ಚೆಂಗ್ ಸೀಮೆಗಳನ್ನು ಬಿಟ್ಟರೆ ಹೆಚ್ಚುಕಡಿಮೆ ಉಳಿದೆಲ್ಲ ಕಡೆ ಜಿನ್ ನುಡಿಗಳಿವೆ. ಪ್ರಾಂತ್ಯದ ಗಡಿಗೇ ಅವು ನಿಲ್ಲುವುದಿಲ್ಲ. ನದಿಯಾಚೆ ಶಿಯಾನ್ ನಗರವಿರುವ ಪ್ರಾಂತ್ಯದ ಉತ್ತರ ಭಾಗ, ಹೆಬೈ ಪ್ರಾಂತ್ಯದ ಪಶ್ಚಿಮ ಅಂಚು, ಹೆನಾನ್ ಪ್ರಾಂತ್ಯದಲ್ಲಿ ಹಳದಿ ನದಿಯ ಉತ್ತರಕ್ಕಿರುವ ಅನ್ಯಾಂಗ್ ಮತ್ತು ಶಿನ್‌ಶ್ಯಾಂಗ್ ಸೀಮೆ, ಒಳ ಮಂಗೋಲಿಯಾದ ಹೊಹ್ಹೋಟ್ ಮತ್ತು ಬಾವೊಟೊ ಸುತ್ತಮುತ್ತ, ಹೀಗೆ ಐದು ಪ್ರಾಂತ್ಯಗಳಲ್ಲಿ ಹರಡಿಕೊಂಡಿವೆ. ಮಾತನಾಡುವವರ ಸಂಖ್ಯೆ ಸುಮಾರು 6 ಕೋಟಿ. ‘ಜಿನ್’ ಎಂಬ ಹೆಸರು ಕ್ರಿಸ್ತಪೂರ್ವದಲ್ಲಿ ಆ ನಾಡನ್ನಾಳಿದ ರಾಜ್ಯದ್ದು. ಇಂದಿಗೂ ಶಾನ್ಶಿಯ ವಾಹನಗಳ ನೋಂದಣಿ ಫಲಕದಲ್ಲಿ ಮೊದಲಿಗೆ ಬರುವ ಅಕ್ಷರ ಅದೇ.

ಕಳೆದ ಶತಮಾನದ ಎಂಬತ್ತರ ದಶಕದವರೆಗೆ ಈ ನುಡಿಗಳ ಬಗ್ಗೆ ವರ್ಗೀಕರಣದ ತಕರಾರೇ ಇರಲಿಲ್ಲ. 1960ರಲ್ಲಿ ಯುವಾನ್ ಜ್ಯಾಹುವಾ ಹೊರತಂದ, ಒಂದು ತಲೆಮಾರಿನ ವಿದ್ಯಾರ್ಥಿಗಳೆಲ್ಲ ಓದಿದ ಚೀನೀ ಉಪಭಾಷೆಗಳ ಕೈಪಿಡಿಯಲ್ಲಿ ಶಾನ್ಶಿಯ ನುಡಿಗಳು ವಾಯುವ್ಯ ಮ್ಯಾಂಡರಿನ್‌ನೊಳಗೆ ಸೇರಿದ್ದವು. ಅವು ವಿಶಿಷ್ಟವಾದವು ಎಂಬ ತಿಳಿವಳಿಕೆ ಮಾತ್ರ ಅದಕ್ಕಿಂತ ಹಳೆಯದು. ಸ್ವೀಡನ್ನಿನ ಭಾಷಾವಿಜ್ಞಾನಿ ಬರ್ನಾರ್ಡ್ ಕಾರ್ಲ್‌ಗ್ರೆನ್ 1910ರಿಂದ 1912ರವರೆಗೆ ಚೀನಾದಲ್ಲಿದ್ದಾಗ ಶಾನ್ಶಿಯ ರಾಜಧಾನಿ ತೈಯುವಾನ್‌ನಲ್ಲಿ ಪಾಠ ಹೇಳುತ್ತ, ಸುತ್ತಲಿನ ಊರುಗಳ ಉಚ್ಚಾರಣೆಯನ್ನು ಬರೆದುಕೊಂಡರು. ಮಧ್ಯಕಾಲೀನ ಚೀನೀ ಭಾಷೆಯ ಧ್ವನಿಗಳನ್ನು ಮರುರಚಿಸಲು ಮುಂದೆ ಅವರು ಬಳಸಿದ ಸಾಮಗ್ರಿಯಲ್ಲಿ ತೈಯುವಾನ್, ದಾತೊಂಗ್ ಮೊದಲಾದ ಶಾನ್ಶಿಯ ಊರುಗಳಿಗೆ ದೊಡ್ಡ ಪಾಲಿತ್ತು. ಆಧುನಿಕ ಚೀನೀ ಧ್ವನಿಚರಿತ್ರೆಯ ತಳಪಾಯದಲ್ಲೇ ಈ ನುಡಿಗಳಿವೆ ಎಂಬುದನ್ನು ಸಾಮಾನ್ಯವಾಗಿ ಯಾರೂ ಗಮನಿಸುವುದಿಲ್ಲ. ಅದು ನನಗೆ ಬೇಸರದ ಸಂಗತಿ.

ತಕರಾರು ಶುರುವಾದದ್ದು 1985ರಲ್ಲಿ. ಚೀನಾದ ಸಾಮಾಜಿಕ ವಿಜ್ಞಾನ ಅಕಾಡೆಮಿಯ ಭಾಷಾವಿಜ್ಞಾನ ಸಂಸ್ಥೆಯಲ್ಲಿದ್ದ ಲಿ ರೊಂಗ್, ಮ್ಯಾಂಡರಿನ್ ನುಡಿಗಳ ಪ್ರದೇಶವಿಭಜನೆಯ ಕುರಿತ ಲೇಖನವೊಂದರಲ್ಲಿ ಜಿನ್ ನುಡಿಗಳನ್ನು ಮ್ಯಾಂಡರಿನ್‌ನಿಂದ ಬೇರ್ಪಡಿಸಿದರು. ಅವರು ಕೊಟ್ಟ ವ್ಯಾಖ್ಯೆ ಬಹಳ ಚಿಕ್ಕದು: ಶಾನ್ಶಿ ಪ್ರಾಂತ್ಯದಲ್ಲಿಯೂ ಅದಕ್ಕೆ ತಾಗಿಕೊಂಡ ಪ್ರದೇಶಗಳಲ್ಲಿಯೂ ‘ರುಷಂಗ್’ (ಥಟ್ಟನೆ ಮುಗಿಯುವ ಒಂದು ಹಳೆಯ ಬಗೆಯ ಉಚ್ಚಾರಣೆ, ಮುಂದೆ ವಿವರಿಸುತ್ತೇನೆ) ಉಳಿಸಿಕೊಂಡಿರುವ ನುಡಿಗಳೇ ಜಿನ್. ಇದಾದ ಕೆಲವೇ ವರ್ಷಗಳಲ್ಲಿ ಆ ಅಕಾಡೆಮಿ ಮತ್ತು ಆಸ್ಟ್ರೇಲಿಯಾದ ಮಾನವಿಕ ಅಕಾಡೆಮಿ ಒಟ್ಟಾಗಿ ಹೊರತಂದ ಚೀನಾದ ಭಾಷಾ ಭೂಪಟ ಇದೇ ವಿಭಜನೆಯನ್ನು ಅನುಸರಿಸಿತು. ಹಳೆಯ ಏಳು ಗುಂಪುಗಳಿಗೆ ಜಿನ್, ಹುಯ್ ಮತ್ತು ಪಿಂಗ್ ಎಂಬ ಮೂರು ಸೇರಿ ಹತ್ತಾದವು. 2012ರ ಎರಡನೆಯ ಆವೃತ್ತಿಯೂ ಈ ಹತ್ತನ್ನು ಹಾಗೆಯೇ ಉಳಿಸಿಕೊಂಡಿತು. ನೀವು ನೋಡಿದ ಪಟ್ಟಿಗಳಲ್ಲಿ ಬಹುಪಾಲು ಈ ಭೂಪಟದಿಂದಲೇ ಇಳಿದು ಬಂದಿರುತ್ತವೆ.

ಎಲ್ಲವೂ ನಿಂತಿರುವುದು ರುಷಂಗ್ ಎಂಬ ಒಂದೇ ಲಕ್ಷಣದ ಮೇಲೆ. ಆದ್ದರಿಂದ ಅದನ್ನು ಹತ್ತಿರದಿಂದ ನೋಡಬೇಕು. ಚೀನೀ ನುಡಿಗಳಲ್ಲಿ ಪ್ರತಿ ಉಚ್ಚಾರಾಂಶಕ್ಕೂ ಒಂದು ‘ತಾನ’, ಅಂದರೆ ಅರ್ಥವನ್ನೇ ಬದಲಿಸಬಲ್ಲ ದನಿಯ ಏರಿಳಿತ ಇರುತ್ತದೆ. ಕ್ರಿ.ಶ. 601ರಲ್ಲಿ ಲು ಫಾಯೆನ್ ಸಿದ್ಧಪಡಿಸಿದ ಪ್ರಾಸನಿಘಂಟು ತನ್ನ ಕಾಲದ ಶಬ್ದಗಳನ್ನು ನಾಲ್ಕು ತಾನಗಳಲ್ಲಿ ಹಂಚಿತ್ತು. ಅವುಗಳಲ್ಲಿ ನಾಲ್ಕನೆಯದೇ ರುಷಂಗ್. ಅದು ಬರಿಯ ಏರಿಳಿತವಾಗಿರಲಿಲ್ಲ: ಪ್, ತ್, ಕ್ ಎಂಬ ವ್ಯಂಜನಗಳಲ್ಲಿ ಥಟ್ಟನೆ ಮುಗಿಯುವ ಗಿಡ್ಡ ಉಚ್ಚಾರಾಂಶಗಳೆಲ್ಲ ಆ ವರ್ಗಕ್ಕೆ ಸೇರಿದ್ದವು. ಕ್ಯಾಂಟೊನೀಸ್‌ನಲ್ಲಿ ಇಂದಿಗೂ ಇವು ಹಾಗೆಯೇ ಇವೆ. ಅಲ್ಲಿ ಒಂದು ‘ಯತ್’, ಆರು ‘ಲುಕ್’, ಹತ್ತು ‘ಸಪ್’, ನೂರು ‘ಬಾಕ್’. ಬೀಜಿಂಗ್‌ನಲ್ಲಿ ಈ ಕೊನೆಯ ವ್ಯಂಜನಗಳು ಬಿದ್ದುಹೋಗಿ, ಶಬ್ದಗಳು ಉಳಿದ ತಾನಗಳಿಗೆ ಚದುರಿಹೋಗಿವೆ. ಒಂದು ‘ಯಿ’ ಎಂಬುದು ಎತ್ತರದ ಸಮತಾನಕ್ಕೆ, ಹತ್ತು ‘ಷಿ’ ಏರುತಾನಕ್ಕೆ, ನೂರು ‘ಬಾಯ್’ ತಗ್ಗಿ ಏಳುವ ತಾನಕ್ಕೆ, ಆರು ‘ಲಿಯು’ ಇಳಿತಾನಕ್ಕೆ ಹೋಗಿ ಸೇರಿಕೊಂಡಿವೆ. ಈ ಚದುರುವಿಕೆ ಹೊಸದಲ್ಲ. 1324ರಲ್ಲಿ ಝೌ ದೆಚಿಂಗ್ ಉತ್ತರದ ನಾಟಕಗೀತೆಗಳ ಪ್ರಾಸಗಳನ್ನು ಜೋಡಿಸಿದಾಗಲೇ ರುಷಂಗ್ ಶಬ್ದಗಳನ್ನು ಉಳಿದ ತಾನಗಳ ಕೆಳಗೆ ಹಂಚಿಟ್ಟಿದ್ದ.

ಜಿನ್ ನುಡಿಗಳು ಈ ಎರಡರ ನಡುವೆ ನಿಂತಿವೆ. ಅವುಗಳಲ್ಲಿ ಪ್, ತ್, ಕ್‌ಗಳ ನಡುವಣ ಭೇದ ಅಳಿದಿದೆ, ಆದರೆ ಉಚ್ಚಾರಾಂಶವನ್ನು ಥಟ್ಟನೆ ತುಂಡರಿಸುವ ಗುಣ ಉಳಿದಿದೆ. ಮೂರೂ ವ್ಯಂಜನಗಳ ಜಾಗದಲ್ಲಿ ಗಂಟಲಿನಲ್ಲಿ ಗಾಳಿಯನ್ನು ಕ್ಷಣಕಾಲ ತಡೆಯುವ ಒಂದೇ ಧ್ವನಿ ಬಂದು ಕೂತಿದೆ. ಮಗು ಏನನ್ನೋ ಬಾಯಿಗೆ ಹಾಕಿಕೊಳ್ಳಲು ಹೋದಾಗ ತಾಯಿ ಬೇಡವೆಂದು ‘ಅ-ಅ’ ಎನ್ನುವಳಲ್ಲ, ಆ ಎರಡು ‘ಅ’ಗಳ ನಡುವೆ ಗಂಟಲು ಮುಚ್ಚಿ ತೆರೆಯುವ ಧ್ವನಿಯೇ ಅದು. ತೈಯುವಾನ್‌ನ ಹಿರಿಯರ ಮಾತಿನಲ್ಲಿ ಒಂದು, ಏಳು, ಎಂಟು, ಹತ್ತು ಎಂಬ ಸಂಖ್ಯೆಗಳೆಲ್ಲ ಈ ಗಂಟಲ ತಡೆಯಲ್ಲಿ ಮುಗಿಯುತ್ತವೆ. ಅಷ್ಟೇ ಅಲ್ಲ, ಅಲ್ಲಿ ರುಷಂಗ್ ಒಂದಲ್ಲ ಎರಡು. ಮೂಲದಲ್ಲಿ ಅಘೋಷ ವ್ಯಂಜನದಿಂದ ಶುರುವಾಗುತ್ತಿದ್ದ ಶಬ್ದಗಳಿಗೆ ಒಂದು ತಾನ, ಘೋಷ ವ್ಯಂಜನದಿಂದ ಶುರುವಾಗುತ್ತಿದ್ದವಕ್ಕೆ ಇನ್ನೊಂದು. ಬೀಜಿಂಗ್‌ನ ವಿದ್ಯಾರ್ಥಿ ತಾಂಗ್ ರಾಜವಂಶದ ಕಾಲದ (ಏಳರಿಂದ ಹತ್ತನೆಯ ಶತಮಾನ) ಪದ್ಯದ ಛಂದಸ್ಸನ್ನು ಹಿಡಿಯಲು ಯಾವ ಶಬ್ದ ಮೊದಲು ರುಷಂಗ್ ಆಗಿತ್ತೆಂದು ಬಾಯಿಪಾಠ ಮಾಡಬೇಕಾದರೆ, ಶಾನ್ಶಿಯ ಹಳ್ಳಿಯ ವಿದ್ಯಾರ್ಥಿಗೆ ಅದರಲ್ಲಿ ಬಹುಪಾಲು ಕಿವಿಗೇ ಗೊತ್ತಿರುತ್ತದೆ.

ಇದು ಬೆಲೆಬಾಳುವ ಲಕ್ಷಣ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ವರ್ಗೀಕರಣದ ಆಧಾರವಾಗಿ ಅದಕ್ಕೆ ಎರಡು ದೌರ್ಬಲ್ಯಗಳಿವೆ, ಎರಡೂ ಗಂಭೀರವಾದವು.

ಮೊದಲನೆಯದು, ರುಷಂಗ್ ಉಳಿಸಿಕೊಂಡ ಉತ್ತರದ ನುಡಿಗಳು ಜಿನ್ ಮಾತ್ರವೇ ಅಲ್ಲ. ಯಾಂಗ್ತ್ಸಿ ಮತ್ತು ಹುವೈ ನದಿಗಳ ನಡುವೆ, ನಾಂಜಿಂಗ್, ಯಾಂಗ್‌ಝೌ, ಹೆಫೈ ಮೊದಲಾದ ಕಡೆ ಮಾತನಾಡುವ ಜ್ಯಾಂಗ್‌ಹುವೈ ಮ್ಯಾಂಡರಿನ್‌ನಲ್ಲಿಯೂ ರುಷಂಗ್ ಇದೆ, ಅದೂ ಬಹಳ ಕಡೆ ಇದೇ ಗಂಟಲ ತಡೆಯೊಡನೆ. ಪೂರ್ವದ ತೈಝೌ, ನಾಂತೊಂಗ್ ಕಡೆ ತೈಯುವಾನ್‌ನಲ್ಲಿರುವಂತೆಯೇ ಎರಡು ರುಷಂಗ್‌ಗಳಿವೆ. ಸಿಚುವಾನ್ ಪ್ರಾಂತ್ಯದ ಮಿನ್ ನದಿಯ (ಮಿನ್ ನುಡಿಗಳಿಗೂ ಈ ನದಿಗೂ ಸಂಬಂಧವಿಲ್ಲ) ಕಣಿವೆಯಲ್ಲಿ ಕೆಲವು ನುಡಿಗಳು ಗಂಟಲ ತಡೆಯನ್ನು ಬಿಟ್ಟುಕೊಟ್ಟರೂ ರುಷಂಗ್ ಅನ್ನು ಪ್ರತ್ಯೇಕ ತಾನವಾಗಿ ಕಾಪಾಡಿಕೊಂಡಿವೆ. ಲಿ ರೊಂಗ್ ಇವೆಲ್ಲವನ್ನೂ ಮ್ಯಾಂಡರಿನ್‌ನೊಳಗೇ ಇಟ್ಟರು. ಒಂದೇ ಲಕ್ಷಣ ಶಾನ್ಶಿಯಲ್ಲಿ ಕಂಡರೆ ಪ್ರತ್ಯೇಕ ಶಾಖೆ, ನಾಂಜಿಂಗ್‌ನಲ್ಲಿ ಕಂಡರೆ ಮ್ಯಾಂಡರಿನ್‌ನ ಒಳಪಂಗಡ ಎಂದರೆ ಅಳತೆಗೋಲು ಎರಡಾಯಿತು. ಅವರ ವ್ಯಾಖ್ಯೆಯಲ್ಲಿ ‘ಶಾನ್ಶಿ ಮತ್ತು ಅದಕ್ಕೆ ತಾಗಿಕೊಂಡ ಪ್ರದೇಶ’ ಎಂಬ ಭೂಗೋಳದ ಮಾತು ಬರಬೇಕಾದದ್ದೇ ಈ ಕಾರಣಕ್ಕೆ. ರುಷಂಗ್ ಒಂದನ್ನೇ ಹೇಳಿದ್ದರೆ ನಾಂಜಿಂಗ್ ಕೂಡ ಒಳಗೆ ಬಂದುಬಿಡುತ್ತಿತ್ತು. ನುಡಿಯ ವ್ಯಾಖ್ಯೆಯೊಳಗೆ ನಕ್ಷೆಯ ಗೆರೆ ಸೇರಿಸಬೇಕಾಗಿ ಬಂದರೆ, ನುಡಿಯ ಲಕ್ಷಣ ತಾನೇ ಗಡಿ ಎಳೆಯುತ್ತಿಲ್ಲ ಎಂದು ಅರ್ಥ.

ಎರಡನೆಯ ದೌರ್ಬಲ್ಯ ಇದಕ್ಕಿಂತ ಆಳದ್ದು. ನುಡಿಗಳನ್ನು ವಂಶವೃಕ್ಷದಲ್ಲಿ ಕೂರಿಸುವಾಗ ಹತ್ತೊಂಬತ್ತನೆಯ ಶತಮಾನದಿಂದ ಭಾಷಾವಿಜ್ಞಾನಿಗಳು ಪಾಲಿಸಿಕೊಂಡು ಬಂದ ಒಂದು ನಿಯಮವಿದೆ. ಎರಡು ನುಡಿಗಳು ಹಳೆಯದನ್ನು ಉಳಿಸಿಕೊಂಡಿವೆ ಎಂಬುದು ಅವು ಒಂದೇ ಕವಲಿನವು ಎನ್ನಲು ಸಾಕ್ಷಿಯಲ್ಲ. ಹಳೆಯದನ್ನು ಯಾರು ಬೇಕಾದರೂ, ಎಲ್ಲಿ ಬೇಕಾದರೂ, ಪರಸ್ಪರ ಸಂಬಂಧವಿಲ್ಲದೆ ಉಳಿಸಿಕೊಳ್ಳಬಹುದು. ಎರಡೂ ಜೊತೆಯಾಗಿ ಹೊಸದೊಂದು ಬದಲಾವಣೆಗೆ ಒಳಗಾಗಿವೆಯೇ ಎಂಬುದಷ್ಟೇ ಸಾಕ್ಷಿ.

ಇದನ್ನು ಕನ್ನಡದ ಓದುಗರಿಗೆ ತೋರಿಸಲು ಹವ್ಯಕ ಕನ್ನಡದ ಒಂದು ರೂಪ ಸಾಕು. ‘ಹೋಗುವ ದಾರಿ’ ಎನ್ನುವುದಕ್ಕೆ ಹವ್ಯಕರು ‘ಹೋಪ ದಾರಿ’ ಎನ್ನುತ್ತಾರೆ. ಹಳಗನ್ನಡದಲ್ಲಿ ಇದು ‘ಪೋಪ’. ಪದದ ಕೊನೆಯಲ್ಲಿರುವ ‘ಪ’ ಹಳಗನ್ನಡದ ಉಳಿಕೆ. ಉಳಿದ ಕನ್ನಡದಲ್ಲಿ ಹೆಚ್ಚಿನ ಕಡೆ ಅದು ಕಳೆದುಹೋಗಿದೆ. ಪದದ ಮೊದಲಲ್ಲಿರುವ ‘ಹ’ ಮಾತ್ರ ಹೊಸ ಬದಲಾವಣೆ. ಪಕಾರ ಹಕಾರವಾದ ಆ ಬದಲಾವಣೆಯನ್ನು ಹವ್ಯಕ ಉಳಿದ ಕನ್ನಡದೊಡನೆ ಜೊತೆಯಾಗಿ ಕಂಡಿದೆ. ತುಳುವಿನಲ್ಲಿ ‘ಪೋಪಿನಿ’ ಎಂದು ಎರಡೂ ಪಕಾರಗಳು ಇವೆ. ಕೊನೆಯ ‘ಪ’ ಸಮಾನವಾಗಿದೆ ಎಂದು ಹವ್ಯಕವನ್ನು ತುಳುವಿನ ಜೊತೆ ಕೂರಿಸಿದರೆ, ಅಥವಾ ಕನ್ನಡಕ್ಕೆ ಸಮನಾದ ಬೇರೊಂದು ಶಾಖೆ ಎಂದರೆ, ಅದು ತಪ್ಪಾಗುತ್ತದೆ. ಹವ್ಯಕದ ಸಂಬಂಧವನ್ನು ಹೇಳುವುದು ಮೊದಲಿನ ‘ಹ’. ಜಿನ್ ನುಡಿಗಳ ರುಷಂಗ್ ಈ ಕೊನೆಯ ‘ಪ’ದ ಜಾತಿಯದು. ಅಮೂಲ್ಯವಾದ ಉಳಿಕೆ ಹೌದು, ಆದರೆ ಶಾಖೆಯನ್ನು ಸ್ಥಾಪಿಸುವ ಶಕ್ತಿ ಅದಕ್ಕಿಲ್ಲ.

ಜಿನ್ ಪ್ರತ್ಯೇಕವೆನ್ನುವವರು ಇದನ್ನು ತಿಳಿಯದವರಲ್ಲ. ಅವರಲ್ಲಿ ಪ್ರಮುಖರಾದ ಹೌ ಜಿಂಗ್‌ಯಿ ಮತ್ತು ವೆನ್ ದ್ವಾನ್‌ಝೆಂಗ್ ರುಷಂಗ್ ಜೊತೆಗೆ ಇನ್ನೂ ಹಲವು ಲಕ್ಷಣಗಳನ್ನು ಮುಂದಿಟ್ಟರು, ಮತ್ತು ಅವರ ಕ್ಷೇತ್ರಕಾರ್ಯದ ಗುಣಮಟ್ಟಕ್ಕೆ ನಾನು ತಲೆಬಾಗುತ್ತೇನೆ. ಪಿಂಗ್ಯಾವ್ ಪಟ್ಟಣದ ನುಡಿಯ ಬಗ್ಗೆ ಹೌ ಮಾಡಿದ ಕೆಲಸವನ್ನೇ ನೋಡಿ. ಬೀಜಿಂಗ್‌ನಲ್ಲಿ ಬೇರೆಬೇರೆಯಾಗಿರುವ ಮೊದಲ ಎರಡು ತಾನಗಳು ಪಿಂಗ್ಯಾವ್‌ನಲ್ಲಿ ಶಬ್ದವನ್ನು ಒಂಟಿಯಾಗಿ ಉಚ್ಚರಿಸಿದಾಗ ಒಂದೇ ಆಗಿ ಕೇಳುತ್ತವೆ. ಎರಡು ಶಬ್ದ ಸೇರಿ ಸಮಾಸವಾದ ಕೂಡಲೇ, ಕಳೆದುಹೋದಂತೆ ಕಂಡ ಭೇದ ಮತ್ತೆ ಎದ್ದುಬರುತ್ತದೆ. ಅಷ್ಟಕ್ಕೇ ನಿಲ್ಲದೆ, ಆ ಎರಡು ಶಬ್ದಗಳ ಸಂಬಂಧ ಕ್ರಿಯಾಪದ ಮತ್ತು ಕರ್ಮದ್ದೋ ಅಥವಾ ವಿಶೇಷಣ ಮತ್ತು ನಾಮಪದದ್ದೋ ಎಂಬುದರ ಮೇಲೆ ತಾನದ ಬದಲಾವಣೆಯೂ ಬೇರೆಯಾಗುತ್ತದೆ. ವ್ಯಾಕರಣ ಸಂಬಂಧವನ್ನು ದನಿಯ ಏರಿಳಿತವೇ ತೋರಿಸಿಕೊಡುವ ಇಂಥ ವ್ಯವಸ್ಥೆ ಅಧ್ಯಯನಕ್ಕೆ ದೊಡ್ಡ ಸಂಪತ್ತು. ಆದರೆ ಈ ತಾನಗಳ ವಿಲೀನ ಶಾನ್ಶಿಯ ನಡುಭಾಗದಲ್ಲಿಯೂ ಹೊಹ್ಹೋಟ್ ಕಡೆಗೂ ಇದೆಯೇ ಹೊರತು ದಾತೊಂಗ್‌ನಲ್ಲಿಲ್ಲ, ಹೆನಾನ್ ಕಡೆಯ ಜಿನ್ ನುಡಿಗಳಲ್ಲಿಯೂ ಇಲ್ಲ. ಭೂಪಟ ಜಿನ್ ಎಂದು ಗುರುತಿಸುವ ಎಂಟು ಒಳವಿಭಾಗಗಳನ್ನೆಲ್ಲ ಅದು ಒಂದುಗೂಡಿಸುವುದಿಲ್ಲ.

ಮುಂದಿಟ್ಟ ಇನ್ನೊಂದು ಲಕ್ಷಣ ಅನುನಾಸಿಕಗಳ ವಿಲೀನ. ಬೀಜಿಂಗ್‌ನಲ್ಲಿ ‘ಹೊಸ’ ಎಂಬರ್ಥದ ‘ಶಿನ್’ ಮತ್ತು ‘ನಕ್ಷತ್ರ’ ಎಂಬರ್ಥದ ‘ಶಿಂಗ್’ ಬೇರೆಬೇರೆ; ಜಿನ್ ನುಡಿಗಳಲ್ಲಿ ಹೆಚ್ಚಿನ ಕಡೆ ಎರಡೂ ಒಂದೇ. ಇದು ನಿಜಕ್ಕೂ ಹೊಸ ಬದಲಾವಣೆ, ಉಳಿಕೆಯಲ್ಲ, ಆದ್ದರಿಂದ ಸರಿಯಾದ ಜಾತಿಯ ಸಾಕ್ಷಿ. ತೊಂದರೆ ಏನೆಂದರೆ ಲಾಂಝೌ, ಯಿನ್‌ಚುವಾನ್ ಮೊದಲಾದ ವಾಯುವ್ಯ ಮ್ಯಾಂಡರಿನ್ ಊರುಗಳಲ್ಲಿಯೂ ಇದೇ ವಿಲೀನ ವ್ಯಾಪಕವಾಗಿದೆ. ಅದು ಏನನ್ನಾದರೂ ಹೇಳುವುದಿದ್ದರೆ, ಜಿನ್ ನುಡಿಗಳಿಗೂ ಪಶ್ಚಿಮದ ಮ್ಯಾಂಡರಿನ್ ನುಡಿಗಳಿಗೂ ನಂಟಿದೆ ಎಂದೇ ಹೇಳುತ್ತದೆ.

ಶಬ್ದರಚನೆಯ ಎರಡು ಲಕ್ಷಣಗಳು ಶಾನ್ಶಿಯಲ್ಲಿ ಓಡಾಡಿದ ಯಾರ ಕಿವಿಗೂ ಬೀಳುವಂಥವು. ಒಂದು, ನಾಮಪದ ಕ್ರಿಯಾಪದಗಳ ಮೊದಲಿಗೆ ಹತ್ತುವ, ಗಂಟಲ ತಡೆಯಲ್ಲಿ ಮುಗಿಯುವ ‘ಗೆ’ ಎಂಬ ಪೂರ್ವಪ್ರತ್ಯಯ. ಕುಕ್ಕರಗಾಲಲ್ಲಿ ಕೂರುವುದಕ್ಕೆ, ಗುಡ್ಡದ ಏಣಿಗೆ, ನೆಲದ ಗುಂಡಿಗೆ ಎಲ್ಲಕ್ಕೂ ಅದು ಬರುತ್ತದೆ. ಇನ್ನೊಂದು, ಒಂದು ಉಚ್ಚಾರಾಂಶದ ಪದವನ್ನು ನಡುವೆ ಲಕಾರ ಸೇರಿಸಿ ಎರಡಾಗಿ ಸೀಳುವ ಪದ್ಧತಿ. ಬೀಜಿಂಗ್‌ನ ‘ಬಾಂಗ್’ (ದೊಣ್ಣೆ) ಇಲ್ಲಿ ‘ಬುಲಾಂಗ್’, ‘ಗುನ್’ (ಉರುಳುವುದು) ‘ಗುಲುಂಗ್’ ಎಂಬಂತಾಗುತ್ತದೆ, ‘ಹುವಾನ್’ (ಬಳೆ, ಉಂಗುರ) ‘ಹುಲುವಾನ್’ ಆಗುತ್ತದೆ. ಜಿನ್ ಪಕ್ಷದವರು ಇದನ್ನು ತಮ್ಮ ನುಡಿಯ ಮುದ್ರೆ ಎಂದು ಭಾವಿಸುತ್ತಾರೆ. ಆದರೆ ಹನ್ನೆರಡನೆಯ ಶತಮಾನದಲ್ಲಿ ಬಾಳಿದ ದಕ್ಷಿಣದ ವಿದ್ವಾಂಸ ಹೊಂಗ್ ಮಾಯ್ ತನ್ನ ಟಿಪ್ಪಣಿಗಳಲ್ಲಿ ಇದೇ ಬಗೆಯ ಸೀಳುಪದಗಳನ್ನು ಪಟ್ಟಿಮಾಡಿ, ಜನರ ಮಾತಿನಲ್ಲಿ ಇವು ಇವೆ ಎಂದು ಬರೆದಿಟ್ಟಿದ್ದಾನೆ. ಮೂಲೆ ಎಂಬ ಪದದ ಸೀಳುರೂಪ ಅವನ ಪಟ್ಟಿಯಲ್ಲಿಯೂ ಇದೆ, ಇಂದಿನ ಶಾನ್ಶಿಯಲ್ಲಿಯೂ ಇದೆ. ಅಂದರೆ ಒಂದು ಕಾಲಕ್ಕೆ ಈ ಪದ್ಧತಿ ಇನ್ನೂ ವಿಶಾಲವಾಗಿ ಹರಡಿತ್ತು, ಶಾನ್ಶಿಯಲ್ಲಿ ಅದು ದಟ್ಟವಾಗಿ ಉಳಿದುಕೊಂಡಿತು. ಮತ್ತೆ ಉಳಿಕೆಯ ಮಾತೇ ಬಂತು. ‘ಗೆ’ ಪೂರ್ವಪ್ರತ್ಯಯವೂ ಅಷ್ಟೇ, ರುಷಂಗ್ ಇಲ್ಲದ ಕಾರಣಕ್ಕೆ ಜಿನ್‌ನಿಂದ ಹೊರಗುಳಿದ ಲಿನ್ಫೆನ್ ಸೀಮೆಯಲ್ಲಿಯೂ, ಹೆನಾನ್‌ನ ಮ್ಯಾಂಡರಿನ್ ನುಡಿಗಳಲ್ಲಿಯೂ ಅದು ಕೇಳಿಬರುತ್ತದೆ.

ಈಗ ನನ್ನ ಮಟ್ಟಿಗೆ ನಿರ್ಣಾಯಕವೆನಿಸುವ ಸಂಗತಿಗೆ ಬರುತ್ತೇನೆ. ವರ್ಗೀಕರಣಕ್ಕೆ ಯಾವ ಲಕ್ಷಣಗಳನ್ನು ಆರಿಸಬೇಕು ಎಂಬ ಬಗ್ಗೆ 1982ರಲ್ಲಿ ಭಾಷಾವಿಜ್ಞಾನಿ ಡಿಂಗ್ ಬಾಂಗ್‌ಶಿನ್ ಒಂದು ಸೂತ್ರವನ್ನು ಮುಂದಿಟ್ಟಿದ್ದರು: ಚರಿತ್ರೆಯಲ್ಲಿ ಮೊದಲಿಗೆ ನಡೆದ ಬದಲಾವಣೆಗಳಿಂದ ದೊಡ್ಡ ಗುಂಪುಗಳನ್ನು ಗುರುತಿಸಬೇಕು, ಆಮೇಲಿನ ಬದಲಾವಣೆಗಳಿಂದ ಒಳಗುಂಪುಗಳನ್ನು. ಮೊದಲ ಬಗೆಯ ಬದಲಾವಣೆಗಳಲ್ಲಿ ಎಲ್ಲರೂ ಒಪ್ಪುವುದು ಮಧ್ಯಕಾಲೀನ ಭಾಷೆಯ ಘೋಷ ವ್ಯಂಜನಗಳು, ಅಂದರೆ ಬ, ದ, ಗಗಳಂಥವು, ಏನಾದವು ಎಂಬುದು. ಶಾಂಘೈ ಸುತ್ತಲಿನ ವು ನುಡಿಗಳಲ್ಲಿ ಅವು ಪ್ರತ್ಯೇಕ ವರ್ಗವಾಗಿ ಉಳಿದಿವೆ. ಹಕ್ಕ ಮತ್ತು ಗಾನ್ ನುಡಿಗಳಲ್ಲಿ ಎಲ್ಲ ತಾನಗಳಲ್ಲಿಯೂ ಮಹಾಪ್ರಾಣವಾದವು. ಮ್ಯಾಂಡರಿನ್‌ನಲ್ಲಿ, ಹಳೆಯ ನಾಲ್ಕು ತಾನಗಳಲ್ಲಿ ಮೊದಲನೆಯದಾದ ಸಮತಾನದಲ್ಲಿ ಮಹಾಪ್ರಾಣ, ಉಳಿದ ತಾನಗಳಲ್ಲಿ ಅಲ್ಪಪ್ರಾಣ ಎಂದು ಹಂಚಿಹೋದವು. ಜಿನ್ ನುಡಿಗಳನ್ನು ಈ ಅಳತೆಗೋಲಿನಲ್ಲಿ ಅಳೆದರೆ ದಾತೊಂಗ್, ಹೊಹ್ಹೋಟ್, ಅನ್ಯಾಂಗ್ ಮುಂತಾದ ವಿಶಾಲ ಪ್ರದೇಶದಲ್ಲಿ ಅವು ನಡೆದುಕೊಳ್ಳುವುದು ಮ್ಯಾಂಡರಿನ್‌ನಂತೆಯೇ. ತೈಯುವಾನ್ ಮತ್ತು ಪಿಂಗ್ಯಾವ್ ಸುತ್ತ ಮಾತ್ರ, ಅದೂ ಅಕ್ಷರಸ್ಥರ ಓದಿನಲ್ಲಲ್ಲ, ಮನೆಮಾತಿನಲ್ಲಿ, ಸಮತಾನದ ಶಬ್ದಗಳೂ ಅಲ್ಪಪ್ರಾಣವಾಗಿವೆ. ಬೀಜಿಂಗ್‌ನಲ್ಲಿ ‘ಥಾವ್’ ಎಂದು ಉಸಿರು ಬಿಟ್ಟು ಹೇಳುವ ಪೀಚ್ ಹಣ್ಣಿನ ಹೆಸರು ಅಲ್ಲಿ ಉಸಿರಿಲ್ಲದ ತಕಾರದಿಂದ ಶುರುವಾಗುತ್ತದೆ. ಪಶ್ಚಿಮದ ಲ್ಯುಲಿಯಾಂಗ್ ಬೆಟ್ಟಗಳಲ್ಲಿ ಇದಕ್ಕೆ ತದ್ವಿರುದ್ಧವಾಗಿ ರುಷಂಗ್ ಶಬ್ದಗಳೂ ಮಹಾಪ್ರಾಣವಾಗಿವೆ. ಈ ಗುಣದಲ್ಲಿ ಲ್ಯುಲಿಯಾಂಗ್‌ಗೆ ಹತ್ತಿರವಿರುವುದು ಯಾರು? ಮ್ಯಾಂಡರಿನ್ ಎಂದು ಎಣಿಸಲಾದ ಲಿನ್ಫೆನ್ ಸೀಮೆ.

ಹೀಗೆ ಬಹಳ ಹಳೆಯದಾದ ಒಂದು ಬದಲಾವಣೆಯ ಗೆರೆ ಜಿನ್‌ನ ಒಳಗೇ ಹಾದುಹೋಗುತ್ತದೆ, ಆಮೇಲೆ ಜಿನ್‌ನ ಗಡಿಯನ್ನು ದಾಟಿ ಮ್ಯಾಂಡರಿನ್‌ಗೂ ಇಳಿಯುತ್ತದೆ. ತಾಂಗ್ ಕಾಲದ ವಾಯುವ್ಯದ ನುಡಿಯ ಕುರುಹುಗಳನ್ನು ಫೆನ್ ನದಿಯ ಎರಡೂ ಭಾಗಗಳಲ್ಲಿ ಹುಡುಕುವ ವಿದ್ವಾಂಸರು ಲಿನ್ಫೆನ್ ಸೀಮೆಯನ್ನೂ ಸೇರಿಸಿಕೊಂಡೇ ಮಾತನಾಡುತ್ತಾರೆ, ಅದು ಸರಿಯಾದ ಕ್ರಮವೇ. ನಡು ಮತ್ತು ಪಶ್ಚಿಮ ಶಾನ್ಶಿಯ ನುಡಿಗಳಲ್ಲಿ ಹಳೆಯ, ಆಳವಾದ ಪದರವೊಂದಿದೆ ಎಂದು ನಾನೂ ನಂಬುತ್ತೇನೆ. ಎಂದಾದರೂ ಪ್ರತ್ಯೇಕ ಶಾಖೆಯೊಂದನ್ನು ಸಮರ್ಥಿಸಲು ಸಾಧ್ಯವಾದರೆ ಅದು ಈ ಪದರದ ಆಧಾರದ ಮೇಲೆ ಆಗಬೇಕು. ಆಗ ಅದರ ಗಡಿ ಇಂದಿನ ಭೂಪಟದಲ್ಲಿರುವ ಜಿನ್‌ನ ಗಡಿಯಾಗಿರುವುದಿಲ್ಲ. ಲಿನ್ಫೆನ್ ಒಳಗೆ ಬರುತ್ತದೆ, ಅನ್ಯಾಂಗ್ ಬಹುಶಃ ಹೊರಗೆ ಹೋಗುತ್ತದೆ.

ಗಡಿಗಳು ಎಷ್ಟು ಇತ್ತೀಚಿನವು ಎಂಬುದಕ್ಕೆ ಹೊಹ್ಹೋಟ್ ಒಳ್ಳೆಯ ಉದಾಹರಣೆ. ಚಿಂಗ್ ರಾಜವಂಶದ ಕಾಲದಲ್ಲಿ ಶಾನ್ಶಿಯ ಬಡ ರೈತರೂ ವ್ಯಾಪಾರಿಗಳೂ ಮಹಾಗೋಡೆಯ ಕಣಿವೆದ್ವಾರಗಳನ್ನು ದಾಟಿ ಉತ್ತರದ ಹುಲ್ಲುಗಾವಲಿಗೆ ವಲಸೆ ಹೋದರು. ಅವರ ಜೊತೆಗೆ ಹೋದ ನುಡಿಯೇ ಇಂದು ಒಳ ಮಂಗೋಲಿಯಾದ ನಡುಭಾಗದ ಜಿನ್. ಹೊಹ್ಹೋಟ್‌ನ ಹಳೆಯ ಊರಿನಲ್ಲಿ ಈ ನುಡಿ ನೆಲೆಸಿತು. ಹದಿನೆಂಟನೆಯ ಶತಮಾನದಲ್ಲಿ ಅದರ ಪಕ್ಕದಲ್ಲೇ ಮಂಚು ಸೈನ್ಯಕ್ಕಾಗಿ ಕಟ್ಟಿದ ಹೊಸ ಊರಿನಲ್ಲಿ ಬೀಜಿಂಗ್‌ಗೆ ಹತ್ತಿರದ ಮ್ಯಾಂಡರಿನ್ ಬೆಳೆಯಿತು. ಕಾಲ್ನಡಿಗೆಯ ದೂರದಲ್ಲಿರುವ ಎರಡು ಬಡಾವಣೆಗಳ ಮಾತನ್ನು ಮೇಲ್ಮಟ್ಟದ ಎರಡು ಬೇರೆ ಶಾಖೆಗಳಲ್ಲಿ ಇಡಬೇಕಾಗಿ ಬಂದದ್ದು ಹೀಗೆ.

ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುತ್ತದೆಯೇ ಎಂಬ ಪರೀಕ್ಷೆಯಿಂದ ಇದನ್ನು ಬಗೆಹರಿಸಬಹುದಲ್ಲ ಎಂದು ನೀವು ಕೇಳಬಹುದು. ಲ್ಯುಲಿಯಾಂಗ್ ಬೆಟ್ಟದ ಹಳ್ಳಿಯ ಅಜ್ಜಿಯ ಮಾತು ಬೀಜಿಂಗ್‌ನವರಿಗೆ ಸುಲಭಕ್ಕೆ ಅರ್ಥವಾಗುವುದಿಲ್ಲ, ಅದು ನಿಜ. ಆದರೆ ಇಂದು ಶಾನ್ಶಿಯಲ್ಲಿ ಶಾಲೆಗೆ ಹೋದವರೆಲ್ಲರಿಗೂ ಪುಟೊಂಗ್‌ಹುವಾ ಬರುವುದರಿಂದ ತಿಳಿವು ಒಂದೇ ದಿಕ್ಕಿಗೆ ಹರಿಯುತ್ತದೆ, ಅಳತೆ ಕೆಡುತ್ತದೆ. ಅಲ್ಲದೆ ಮ್ಯಾಂಡರಿನ್‌ನ ಒಳಗೇ ಪರಸ್ಪರ ಅರ್ಥವಾಗದ ಜೋಡಿಗಳು ಬೇಕಾದಷ್ಟಿವೆ. ಚಾವೊಜು ತಾಂಗ್ ಮತ್ತು ವಿನ್ಸೆಂಟ್ ವಾನ್ ಹೋವೆನ್ 15 ಚೀನೀ ನುಡಿಗಳ ಪರಸ್ಪರ ತಿಳಿವನ್ನು ಪ್ರಯೋಗದ ಮೂಲಕ ಅಳೆದು 2009ರಲ್ಲಿ ಪ್ರಕಟಿಸಿದಾಗ, ತೈಯುವಾನ್ ಅನ್ನು ಬೀಜಿಂಗ್, ಶಿಯಾನ್, ಚೆಂಗ್ಡುಗಳೊಡನೆ ಮ್ಯಾಂಡರಿನ್ ಗುಂಪಿನಲ್ಲಿಯೇ ಇಟ್ಟುಕೊಂಡರು.

ತೀರ್ಮಾನಿಸುವವರು ಯಾರು ಎಂಬ ನಿಮ್ಮ ಕೊನೆಯ ಪ್ರಶ್ನೆ. ಯಾವುದೇ ಅಂತಿಮ ಪೀಠ ಇದಕ್ಕಿಲ್ಲ. ಅಂತರರಾಷ್ಟ್ರೀಯ ಭಾಷಾಸಂಕೇತಗಳ ಪಟ್ಟಿಯಾದ ಐಎಸ್‌ಒ 639-3ರಲ್ಲಿ ಜಿನ್‌ಗೆ ‘ಸಿಜೆವೈ’ ಎಂಬ ಪ್ರತ್ಯೇಕ ಸಂಕೇತವಿದೆ, ಮ್ಯಾಂಡರಿನ್‌ಗೆ ‘ಸಿಎಂಎನ್’. ಅಂತರಜಾಲದ ಪಟ್ಟಿಗಳು ಇದನ್ನು ನೋಡಿ ಜಿನ್ ಬೇರೆ ಭಾಷೆ ಎಂದು ಬರೆಯುತ್ತವೆ. ಆದರೆ ಸಂಕೇತ ಎನ್ನುವುದು ಗ್ರಂಥಾಲಯ, ಗಣಕಗಳ ಅನುಕೂಲಕ್ಕಾಗಿ ಮಾಡಿದ ವ್ಯವಸ್ಥೆ, ಅದು ಹೊಸ ಸಾಕ್ಷಿಯಲ್ಲ. ಚೀನೀ ವಿದ್ವಾಂಸರಲ್ಲಿ ವಾಂಗ್ ಫುತಾಂಗ್ ಅಂಥವರು ಭೂಪಟದ ವಿಭಜನೆಯನ್ನು ಒಪ್ಪದೆ ಜಿನ್ ಅನ್ನು ಮ್ಯಾಂಡರಿನ್‌ನೊಳಗೇ ಇಟ್ಟರು. ಹೌ ಜಿಂಗ್‌ಯಿ ಅಂಥವರು ಕೊನೆಯವರೆಗೂ ವಿಭಜನೆಯನ್ನು ಸಮರ್ಥಿಸಿದರು. ಚೀನೀ ಸರ್ಕಾರದ ದೃಷ್ಟಿಯಲ್ಲಂತೂ ಕ್ಯಾಂಟೊನೀಸ್ ಕೂಡ ಪ್ರಾದೇಶಿಕ ನುಡಿಯೇ, ಆದ್ದರಿಂದ ಭಾಷೆಯೋ ಉಪಭಾಷೆಯೋ ಎಂಬ ನಮ್ಮ ಪ್ರಶ್ನೆ ಅಲ್ಲಿ ಈ ರೂಪದಲ್ಲಿ ಏಳುವುದೇ ಇಲ್ಲ.

ಒಂದು ಬೆಳವಣಿಗೆಯನ್ನು ಮಾತ್ರ ಈ ಚರ್ಚೆಯಲ್ಲಿ ಮರೆಯಬಾರದು. ತೈಯುವಾನ್‌ನ ಕಿರಿಯರ ಮಾತಿನಲ್ಲಿ ಎರಡು ರುಷಂಗ್‌ಗಳು ಬೆರೆತು ಒಂದಾಗುತ್ತಿವೆ, ಹಲವು ಶಬ್ದಗಳು ಪುಟೊಂಗ್‌ಹುವಾದ ಉಚ್ಚಾರಣೆಯನ್ನು ಅನುಸರಿಸಿ ಗಂಟಲ ತಡೆಯನ್ನು ಪೂರ್ತಿ ಬಿಟ್ಟುಕೊಟ್ಟಿವೆ. ಲಿ ರೊಂಗ್ ಅವರ ವ್ಯಾಖ್ಯೆಯನ್ನು ಅಕ್ಷರಶಃ ಹಿಡಿದರೆ, ರುಷಂಗ್ ಕಳೆದುಕೊಂಡ ದಿನ ಅಜ್ಜ ಜಿನ್ ಶಾಖೆಗೂ ಮೊಮ್ಮಗಳು ಮ್ಯಾಂಡರಿನ್ ಶಾಖೆಗೂ ಸೇರುತ್ತಾರೆ. ವಂಶಸಂಬಂಧ ಹಾಗೆ ಒಂದು ತಲೆಮಾರಿನಲ್ಲಿ ಬದಲಾಗುವಂಥದ್ದಲ್ಲ. ಆದ್ದರಿಂದ ನೀವು ಎಲ್ಲಿಯಾದರೂ ಈ ನುಡಿಯ ಬಗ್ಗೆ ಬರೆಯುವುದಿದ್ದರೆ ‘ಜಿನ್’ ಎಂಬ ಹೆಸರನ್ನು ಧಾರಾಳವಾಗಿ ಬಳಸಿ, ಅದು ಒಂದು ಪ್ರದೇಶದ ನುಡಿಗಳಿಗೆ ಒಪ್ಪುವ ಹೆಸರೇ. ಮ್ಯಾಂಡರಿನ್‌ಗೆ ಸಮನಾದ ಶಾಖೆ ಎಂದು ಬರೆಯುವಾಗ ಮಾತ್ರ ಅದು ಭೂಪಟದ ವಿಭಜನೆ, ಇನ್ನೂ ವಿವಾದದಲ್ಲಿದೆ ಎಂಬುದನ್ನು ಜೊತೆಗೇ ನಮೂದಿಸಿ.